ಬೋನ್ಸಾಯ್‌ನಲ್ಲಿ ಡೆಡ್‌ವುಡ್ ಕೆಲಸ: ಪದೇ ಪದೇ ಕೇಳೋ ಪ್ರಶ್ನೆಗಳು

ಬೆಂಗಳೂರಲ್ಲಿ ಟೆರೇಸ್ ಮೇಲೆ 15 ವರ್ಷದಿಂದ ಬೋನ್ಸಾಯ್ ಬೆಳೆಸ್ತಿದೀನಿ. ಗಿಡ ನೋಡೋಕೆ ಬಂದೋರು, ಫೋನ್ ಮಾಡೋರು, ರಾತ್ರಿ ಹನ್ನೊಂದಕ್ಕೆ ಫೋಟೋ ಕಳ್ಸಿ "ಇದಕ್ಕೇನ್ ಮಾಡ್ಲಿ" ಅನ್ನೋರು, ಎಲ್ಲರೂ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನ ಕೇಳ್ತಾರೆ. ಅವರು ಕೇಳಿದ ಮಾತಲ್ಲೇ ಇಲ್ಲಿ ಹಾಕಿದೀನಿ. ಮೊದಲು ಸುಲಭದ್ದು, ಹೋಗ್ತಾ ಹೋಗ್ತಾ ಕಷ್ಟದ್ದು.

## ಈಗಷ್ಟೇ ಶುರು ಮಾಡ್ತಿರೋರಿಗೆ

"ಜಿನ್ ಅಂತಾರೆ, ಶರಿ ಅಂತಾರೆ, ಎಲ್ಲ ಒಂದೇನಾ ಸಾರ್?"

ಎಲ್ಲಾನೂ ಡೆಡ್‌ವುಡ್ಡೇ, ಅಂದ್ರೆ ಬದುಕಿರೋ ಮರದ ಮೈಮೇಲೆ ಸತ್ತು ಒಣಗಿ ಹಾಗೇ ಉಳಿದಿರೋ ಭಾಗ. ಅದು ಎಲ್ಲಿದೆ ಅನ್ನೋದರ ಮೇಲೆ ಹೆಸರು ಬದಲಾಗತ್ತೆ. ಒಂದು ಕೊಂಬೆನೋ ಮರದ ತುದಿನೋ ಒಣಗಿ ತೊಗಟೆ ಉದುರಿ ಬರೀ ಕಟ್ಟಿಗೆ ಉಳಿದಿದ್ರೆ ಜಿನ್. ಕಾಂಡದ ಉದ್ದಕ್ಕೆ ಒಂದು ಪಟ್ಟಿ ತೊಗಟೆ ಇಲ್ದೆ ಬಿಳಿಚಿಕೊಂಡಿದ್ರೆ ಶರಿ. ಕಾಂಡದಲ್ಲಿ ಪೊಟರೆ ಇದ್ರೆ ಉರೊ, ಆ ಪೊಟರೆ ದೊಡ್ಡದಾಗಿ ಕಾಂಡನೇ ಸೀಳಿಕೊಂಡು ಟೊಳ್ಳಾಗಿದ್ರೆ ಸಬಮಿಕಿ. ಎಲ್ಲ ಜಪಾನಿ ಪದಗಳು. ಜಿನ್ ಬರೆಯೋ ಅಕ್ಷರಕ್ಕೆ ದೇವರು ಅಂತ ಅರ್ಥ. ಶರಿ ಅನ್ನೋದು ನಮಗೆ ಇನ್ನೂ ಹತ್ತಿರದ ಪದ, ಬುದ್ಧನ ಅಸ್ಥಿಗೆ ಸಂಸ್ಕೃತದಲ್ಲಿ "ಶರೀರ" ಅಂತಿದ್ರಲ್ಲ, ಅದೇ ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಜಪಾನಿಗೆ ಹೋಗಿ ಶರಿ ಆಗಿದೆ. ಬಿಸಿಲಿಗೆ ಬೆಳ್ಳಗಾದ ಮೂಳೆ ತರ ಕಾಣೋ ಕಟ್ಟಿಗೆಗೆ ಎಷ್ಟು ಸರಿಯಾಗಿ ಹೊಂದೋ ಹೆಸರು ನೋಡಿ.

"ಬದುಕಿರೋ ಗಿಡದ ತೊಗಟೆ ಸುಲಿದ್ರೆ ಅದು ಸಾಯಲ್ವಾ? ನನಗಂತೂ ಮನಸ್ಸೇ ಬರಲ್ಲ"

ಮನಸ್ಸು ಬರಲ್ಲ ಅನ್ನೋದು ಒಳ್ಳೇದೇ, ಆ ಹಿಂಜರಿಕೆ ಇರೋರೇ ಈ ಕೆಲಸ ಚೆನ್ನಾಗಿ ಮಾಡ್ತಾರೆ. ಗಿಡದ ಒಳಗೆ ಏನು ನಡೀತಿದೆ ಅಂತ ತಿಳ್ಕೊಂಡ್ರೆ ಭಯ ಕಮ್ಮಿ ಆಗತ್ತೆ. ಎಲೆ ಮಾಡಿದ ಆಹಾರ ತೊಗಟೆಯ ಒಳಪದರದಲ್ಲಿ ಬೇರಿಗೆ ಇಳಿಯತ್ತೆ, ಅದರ ಹಿಂದಿರೋ ಹೊರಮರದಲ್ಲಿ ನೀರು ಮೇಲಕ್ಕೆ ಹತ್ತತ್ತೆ, ತೀರಾ ಒಳಗಿರೋ ಕೆಚ್ಚು ಆಗಲೇ ಜೀವ ಇಲ್ಲದ ಭಾಗ, ಬರೀ ಕಂಬದ ಕೆಲಸ ಮಾಡ್ತಿರತ್ತೆ. ಹಾಗಾಗಿ ಒಂದು ಕಡೆ ತೊಗಟೆ ತೆಗೆದ್ರೂ ಉಳಿದ ಕಡೆಯಿಂದ ಮೇಲೂ ಕೆಳಗೂ ದಾರಿ ಇದ್ದೇ ಇರತ್ತೆ. ಸುತ್ತಲೂ ಉಂಗುರದ ಹಾಗೆ ಸುಲಿದ್ರೆ ಮಾತ್ರ ಕೆಟ್ಟಿತು. ಗೂಟಿ ಕಟ್ಟೋವಾಗ, ಅಂದ್ರೆ ಕೊಂಬೆಯಲ್ಲೇ ಬೇರು ಬರಿಸಿ ಹೊಸ ಗಿಡ ಮಾಡೋವಾಗ, ನಾವು ಬೇಕಂತಲೇ ಹಾಗೆ ಸುಲೀತೀವಿ, ಯಾಕಂದ್ರೆ ಅಲ್ಲಿ ಹೊಸ ಬೇರು ಬರತ್ತೆ, ಆದ್ರೆ ಬೇರು ಬರದೇ ಇದ್ರೆ ಕೆಳಗಿನ ಭಾಗ ಉಪವಾಸ ಬೀಳತ್ತೆ. ಕ್ಯಾಲಿಫೋರ್ನಿಯಾದ ವೈಟ್ ಮೌಂಟನ್ಸ್‌ನಲ್ಲಿ 4,800 ವರ್ಷ ದಾಟಿದ ಬ್ರಿಸಲ್‌ಕೋನ್ ಪೈನ್ ಇದೆ. ಅಲ್ಲಿನ ಹಳೇ ಮರಗಳಲ್ಲಿ ಎಷ್ಟೋ ಕಡೆ ಮುಕ್ಕಾಲು ಮೈ ಸತ್ತು ಒಂದೇ ಒಂದು ಪಟ್ಟಿ ತೊಗಟೆ ಮೇಲೆ ಜೀವ ಹಿಡ್ಕೊಂಡಿರತ್ತೆ.

"ನನ್ನ ಹತ್ರ ಫೈಕಸ್, ಜೇಡ್, ಬೋಗನ್‌ವಿಲ್ಲಾ ಇದೆ. ಯಾವುದ್ರಲ್ಲಿ ಮಾಡ್ಲಿ?"

ನಿಜ ಹೇಳ್ಬೇಕಂದ್ರೆ ಮೂರರಲ್ಲೂ ಬೇಡ. ಜೇಡ್ ಬರೀ ನೀರು ತುಂಬಿದ ಗಿಡ, ಸತ್ತ ಭಾಗ ಸುಕ್ಕುಗಟ್ಟಿ ಬಿದ್ದೇಹೋಗತ್ತೆ. ಬೋಗನ್‌ವಿಲ್ಲಾ ಕಟ್ಟಿಗೆ ಮೆತ್ತಗೆ, ಎರಡು ಮಳೆಗಾಲಕ್ಕೆ ಕೊಳೀತಾ ಬರತ್ತೆ, ಹಳೇ ದಪ್ಪ ಬೊಡ್ಡೆ ಇದ್ರೆ ಪೊಟರೆ ಮಾಡಿ ಗಟ್ಟಿ ಮಾಡೋ ಔಷಧಿ ಹಾಕಿ ಉಳಿಸ್ಕೋಬಹುದು, ಆದ್ರೆ ವರ್ಷವರ್ಷ ಅದರ ಹಿಂದೆ ಬೀಳಬೇಕು. ಫೈಕಸ್ ಅಂದ್ರೆ ಆಲ, ಅರಳಿ, ಬಸರಿ ಜಾತಿ. ಇವಕ್ಕೆ ಗಾಯ ಮುಚ್ಚಿಕೊಳ್ಳೋದೇ ಸ್ವಭಾವ, ಮುಚ್ಚಿಕೊಳ್ಳದೇ ಇದ್ರೆ ಕೊಳೆಯೋದು. ಬೆಂಗಳೂರು ಹತ್ರ ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ ಹೋಗಿದ್ರೆ ನೆನಪಿರಬಹುದು, ಮೂಲ ಕಾಂಡ ರೋಗ ಬಂದು ಯಾವಾಗಲೋ ಹೋಗಿದೆ, ಈಗ ಎಕರೆಗಟ್ಟಲೆ ನಿಂತಿರೋದು ಬಿಳಲುಗಳ ಮೇಲೆ. ಆಲ ಸತ್ತ ಕಟ್ಟಿಗೆನ ಇಟ್ಕೊಳ್ಳಲ್ಲ, ಬಿಟ್ಟು ಮುಂದಕ್ಕೆ ನಡೆಯತ್ತೆ. ಫೈಕಸ್ ಬೋನ್ಸಾಯ್‌ನಲ್ಲಿ ಬಿಳಲು ಇಳಿಸಿ, ಚೆಂದ ಕಾಣತ್ತೆ.

ಡೆಡ್‌ವುಡ್‌ಗೆ ಬೇಕಾಗಿರೋದು ಗಟ್ಟಿ ಕಟ್ಟಿಗೆ. ಸೈಪ್ರೆಸ್ ಜಾತಿಗೆ ಸೇರಿದ ಜುನಿಪರ್ ಎಲ್ಲಕ್ಕಿಂತ ಮೊದಲು, ಅದರ ಕಟ್ಟಿಗೆಯಲ್ಲಿ ಅಂಟು, ಎಣ್ಣೆ ಇರೋದ್ರಿಂದ ಬೇಗ ಕೊಳೆಯಲ್ಲ. ಬೆಂಗಳೂರು, ಮೈಸೂರು ಹವೆಗೆ ಒಗ್ಗತ್ತೆ, ಮಂಗಳೂರು ಕಡೆ ಸೆಕೆಗೆ ಒದ್ದಾಡತ್ತೆ. ಕರಾವಳಿಯವರಿಗೆ ಗಾಳಿ ಮರ ಒಳ್ಳೇದು, ಇಲ್ಲಿ ನಾವು ಸರ್ವೆ ಮರ ಅಂತೀವಲ್ಲ ಅದು, ಕಬ್ಬಿಣದಂಥ ಕಟ್ಟಿಗೆ. ಸೀಬೆ ಪರವಾಗಿಲ್ಲ. ಇನ್ನು ಹುಣಸೆ, ನನ್ನ ಪ್ರಕಾರ ನಮ್ಮ ನಾಡಿಗೆ ಇದಕ್ಕಿಂತ ಒಳ್ಳೇ ಡೆಡ್‌ವುಡ್ ಗಿಡ ಇಲ್ಲ, ಅದರ ಬಗ್ಗೆ ಕೆಳಗೆ ಉದ್ದಕ್ಕೆ ಬರ್ದಿದೀನಿ.

"ನರ್ಸರಿಯಿಂದ ತಂದ ಎರಡು ವರ್ಷದ ಗಿಡಕ್ಕೆ ಶರಿ ಮಾಡಬಹುದಾ?"

ಬೆರಳು ಗಾತ್ರದ ಕಾಂಡಕ್ಕೆ ಬೇಡ. ಒಳಗೆ ಕೆಚ್ಚೇ ಕಟ್ಟಿರಲ್ಲ, ನೋಡೋಕೂ ಎಳೆ ಮಗುವಿಗೆ ಬಿಳೀ ಗಡ್ಡ ಅಂಟಿಸಿದ ಹಾಗೆ ಕಾಣತ್ತೆ. ಕತ್ತರಿಸಿ ಬಿಸಾಡೋ ಕೊಂಬೆಗಳಲ್ಲಿ ಜಿನ್ ಮಾಡಿ ಕೈ ಪಳಗಿಸ್ಕೊಳ್ಳಿ ಸಾಕು.

"ಯಾವ ತಿಂಗಳಲ್ಲಿ ಮಾಡೋದು?"

ಎರಡು ವಿಷಯ ಒಟ್ಟಿಗೆ ಸಿಗಬೇಕು, ಗಿಡ ಚಿಗುರೋ ಹುರುಪಲ್ಲಿರಬೇಕು ಮತ್ತೆ ಕೆತ್ತಿದ ಕಟ್ಟಿಗೆಗೆ ಒಣಗೋಕೆ ಬಿಸಿಲು ಸಿಗಬೇಕು. ಬೆಂಗಳೂರಿನವರಿಗೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದ ತನಕ ಒಳ್ಳೇ ಸಮಯ, ತೊಗಟೆ ಬಾಳೆಹಣ್ಣಿನ ಸಿಪ್ಪೆ ತರ ಸಲೀಸಾಗಿ ಬರತ್ತೆ, ಜೂನ್ ಮಳೆ ಬರೋಷ್ಟರಲ್ಲಿ ಕಟ್ಟಿಗೆ ಒಣಗಿರತ್ತೆ. ಮಲೆನಾಡು, ಕರಾವಳಿಯವರಿಗೆ ಮಳೆಗಾಲ ಪೂರ್ತಿ ಕಳೆದು ನವೆಂಬರ್‌ಗೆ ಶುರು ಮಾಡಿದ್ರೆ ಆರು ತಿಂಗಳು ಒಣ ಹವೆ ಸಿಗತ್ತೆ. ರೀಪಾಟ್ ಮಾಡಿದ, ಅಂದ್ರೆ ಬೇರು ಕತ್ತರಿಸಿ ಕುಂಡದ ಮಣ್ಣು ಬದಲಾಯಿಸಿದ ವರ್ಷ ಶರಿ ಮುಟ್ಟಬೇಡಿ. ಬೇರೂ ಕತ್ತರಿಸಿ ತೊಗಟೆನೂ ತೆಗೆದ್ರೆ ಗಿಡ ಎಲ್ಲಿಂದ ಚೇತರಿಸ್ಕೋಬೇಕು?

"ಟೂಲ್ಸ್ ಏನೇನು ಬೇಕು? ಜಪಾನಿ ಸೆಟ್ ತುಂಬಾ ದುಬಾರಿ ಇದೆ"

ಮೊದಲೇ ಸೆಟ್ ತಗೋಬೇಡಿ. ಒಂದು ಚೂಪು ಚಾಕು, ಒಂದು ಸಾದಾ ಇಕ್ಕಳ, ಬಡಗಿಗಳ ಹತ್ರ ಇರೋ ಅರ್ಧ ಇಂಚಿನ ಉಳಿ ಮತ್ತೆ ಒಂದು ಡೊಂಕು ಬಾಯಿಯ ಉಳಿ, ಹಳೇ ಹಲ್ಲುಜ್ಜೋ ಬ್ರಷ್, ಹಿತ್ತಾಳೆ ತಂತಿಯ ಬ್ರಷ್, ಒಂದು ಸೀಮೆಸುಣ್ಣ. ಇಷ್ಟರಲ್ಲಿ ಎರಡು ಮೂರು ವರ್ಷ ಕೆಲಸ ನಡೆಯತ್ತೆ. ಮುಂದೆ ಒಂದೇ ಒಂದು ಸ್ಪೆಷಲ್ ಟೂಲ್ ತಗೊಳೋದಾದ್ರೆ ಕಾನ್ಕೇವ್ ಕಟರ್ ತಗೊಳ್ಳಿ, ಅಂದ್ರೆ ಬಾಯಿ ಒಳಕ್ಕೆ ಬಾಗಿರೋ ಕಟರ್, ಕೊಂಬೆ ಕತ್ತರಿಸೋಕೂ ಆಗತ್ತೆ, ಕಟ್ಟಿಗೆ ಕಚ್ಚಿ ಹರಿಯೋಕೂ ಆಗತ್ತೆ.

## ಕೈ ಹಾಕೋ ಹೊತ್ತಲ್ಲಿ

"ನಾನು ಮಾಡಿದ ಜಿನ್ ಪೆನ್ಸಿಲ್ ಚೂಪು ಮಾಡಿದ ಹಾಗೆ ಕಾಣ್ತಿದೆ. ಎಲ್ಲಿ ತಪ್ಪಾಯ್ತು?"

ಚಾಕುವಲ್ಲಿ ಕೆತ್ತಿದೀರ, ಅದೇ ತಪ್ಪು. ಕಾಡಲ್ಲಿ ಕೊಂಬೆನ ಯಾರೂ ಚಾಕು ಹಿಡಿದು ಕೆತ್ತಲ್ಲ, ಗಾಳಿಗೆ ಮುರಿಯತ್ತೆ, ನಾರು ನಾರಾಗಿ ಸೀಳತ್ತೆ, ಆಮೇಲೆ ಬಿಸಿಲು ಮಳೆ ಅದನ್ನ ಸವೆಸತ್ತೆ. ನೀವೂ ಹಾಗೇ ಹರೀಬೇಕು.

ಕೊಂಬೆನ ಬುಡದಲ್ಲಿ ಕತ್ತರಿಸದೆ ನಿಮಗೆ ಬೇಕಾದ್ದಕ್ಕಿಂತ ಎರಡರಷ್ಟು ಉದ್ದ ಬಿಡಿ. ಬುಡದ ಸುತ್ತ ತೊಗಟೆಗೆ ಒಂದು ಗೆರೆ ಹಾಕಿ, ಆ ಗೆರೆ ದುಂಡಗಿರೋ ಬದಲು ಮೇಲೆ ಕೆಳಗೆ ಸ್ವಲ್ಪ ಚೂಪಾಗಿ ಕಣ್ಣಿನ ಆಕಾರದಲ್ಲಿರಲಿ. ಇಕ್ಕಳದಲ್ಲಿ ತೊಗಟೆನ ಅಲ್ಲಲ್ಲಿ ಮೆತ್ತಗೆ ಒತ್ತಿ ತಿರುಗಿಸಿದ್ರೆ ಪಟಪಟ ಅಂತ ಬಿಟ್ಕೊಳ್ಳತ್ತೆ, ಒಳಗಿನ ಕಟ್ಟಿಗೆ ಒದ್ದೆಯಾಗಿ, ನುಣ್ಣಗೆ, ಬೆಣ್ಣೆ ಬಣ್ಣದಲ್ಲಿ ಹೊಳೀತಿರತ್ತೆ. ಈಗ ತುದಿನ ಕಟರ್‌ನಲ್ಲಿ ಅರ್ಧಕ್ಕೆ ಕಚ್ಚಿ ಸೀಳಿ, ಒಂದು ಸೀಳನ್ನ ಇಕ್ಕಳದಲ್ಲಿ ಹಿಡಿದು ಬುಡದ ಕಡೆಗೆ ನಿಧಾನಕ್ಕೆ ಎಳೀರಿ. ಕಟ್ಟಿಗೆ ತನ್ನ ಎಳೆ ಹೋದ ಕಡೆ ತಾನೇ ಹರಿದುಕೊಂಡು ಬರತ್ತೆ, ಗಂಟು ಬಂದ ಕಡೆ ಸುತ್ತಿಕೊಂಡು ಹೋಗತ್ತೆ, ಆ ತಿರುವು ಯಾರ ಕೈಯಲ್ಲೂ ಕೆತ್ತೋಕಾಗಲ್ಲ. ಇನ್ನೊಂದು ಕಡೆಯಿಂದ ಇನ್ನೊಂದು ಎಳೆ. ಬುಡ ದಪ್ಪ, ತುದಿ ಸಣ್ಣ ಆಗೋ ತನಕ ಹೀಗೇ. ಹಸಿ ಇರೋವಾಗಲೇ ತಂತಿ ಸುತ್ತಿ ಬಗ್ಗಿಸಿದ್ರೆ ಒಣಗಿದ ಮೇಲೆ ಅದೇ ಆಕಾರಕ್ಕೆ ನಿಲ್ಲತ್ತೆ. ಉಳಿದ ಜುಂಗನ್ನ ಒಂದು ತಿಂಗಳು ಬಿಟ್ಟು ಬ್ರಷ್‌ನಲ್ಲಿ ಉಜ್ಜಿ ತೆಗೀರಿ.

"ಶರಿ ಎಷ್ಟು ಅಗಲ ಇರಬೇಕು? ಎಲ್ಲಿಂದ ಎಲ್ಲಿಗೆ?"

ಮೊದಲನೇ ವರ್ಷ ಜ್ಯೂಸ್ ಕುಡಿಯೋ ಸ್ಟ್ರಾ ಅಗಲಕ್ಕಿಂತ ಜಾಸ್ತಿ ಬೇಡ. ನಾನು ಇದನ್ನ ಒಂದು ಗಿಡ ಕಳ್ಕೊಂಡು ಕಲ್ತಿದ್ದು. ಆರು ವರ್ಷ ಬೆಳೆಸಿದ್ದ ಜುನಿಪರ್, ಒಂದು ಭಾನುವಾರ ಸಂಜೆ ಶರಿ ಶುರು ಮಾಡಿ ತೊಗಟೆ ಸಲೀಸಾಗಿ ಬರ್ತಿತ್ತು ಅಂತ ಎಳೀತಾ ಎಳೀತಾ ಕಾಂಡದ ಅರ್ಧ ಸುತ್ತು ತೆಗೆದುಬಿಟ್ಟೆ. ಹಿಂದುಗಡೆಯ ದೊಡ್ಡ ಕೊಂಬೆಗೆ ನೀರು ಹೋಗ್ತಿದ್ದಿದ್ದು ಆ ದಾರಿಯಲ್ಲೇ. ಜುನಿಪರ್ ಸತ್ತ ಮೇಲೂ ವಾರಗಟ್ಟಲೆ ಹಸಿರಾಗೇ ಇರತ್ತೆ, ಹಾಗಾಗಿ ಎರಡು ತಿಂಗಳು ಚೆನ್ನಾಗಿದೆ ಅಂದ್ಕೊಂಡೇ ನೀರು ಹಾಕ್ತಿದ್ದೆ, ಆಮೇಲೆ ಒಂದೇ ಸಲ ಬಣ್ಣ ತಿರುಗ್ತು. ಇವತ್ತಿಗೂ ಆ ಕುಂಡ ನೋಡಿದ್ರೆ ಹೊಟ್ಟೆ ಉರಿಯತ್ತೆ.

ಅದಕ್ಕೇ ಮೊದಲು ಸೀಮೆಸುಣ್ಣ ತಗೊಳ್ಳಿ. ನಿಮಗೆ ಉಳೀಬೇಕಾದ ಒಂದೊಂದು ಕೊಂಬೆಯಿಂದಲೂ ಕೆಳಗೆ ಬೇರಿನ ತನಕ ದಾರಿ ಹುಡುಕಿ ಗೆರೆ ಎಳೀರಿ. ಜುನಿಪರ್‌ನಲ್ಲಿ ಒಂದೊಂದು ಕೊಂಬೆಗೂ ಒಂದೊಂದು ಬೇರಿನ ಜೊತೆ ನೇರ ಸಂಬಂಧ ಇರತ್ತೆ, ಆ ದಾರಿ ತಪ್ಪಿದ್ರೆ ಪಕ್ಕದಿಂದ ಹಂಚಿಕೊಳ್ಳಲ್ಲ. ಮೇಲಿನ ಒಣ ಸಿಪ್ಪೆ ಉಜ್ಜಿ ತೆಗೆದ್ರೆ ಕೆಂಪುಕಂದು ಬಣ್ಣದ ಜೀವಂತ ತೊಗಟೆ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಅಂತ ಕಾಣತ್ತೆ, ಶರಿ ಬರಬೇಕಾದ್ದು ತಗ್ಗಲ್ಲಿ. ನೆಟ್ಟಗೆ ಕಂಬಕ್ಕೆ ಪಟ್ಟೆ ಬಳಿದ ಹಾಗೆ ಇಳಿಸಬೇಡಿ. ಕಾಂಡದ ಎಳೆ ಯಾವ ಕಡೆ ತಿರುಗಿದೆಯೋ ಆ ಕಡೆಗೇ ಸುತ್ತಿಕೊಂಡು ಹೋಗ್ಲಿ, ಒಂದು ಕಡೆ ಸಣ್ಣ, ಒಂದು ಕಡೆ ಅಗಲ. ಸಾಧ್ಯ ಆದಷ್ಟೂ ಒಂದು ಜಿನ್‌ನಿಂದ ಶುರುವಾಗ್ಲಿ, ಯಾಕಂದ್ರೆ ಕಾಡಲ್ಲೂ ಕೊಂಬೆ ಮುರಿದಾಗ ಅದರ ಕೆಳಗಿನ ತೊಗಟೆನೇ ಒಣಗೋದು. ಮುಂದಿನ ವರ್ಷ ಗಿಡ ಗಟ್ಟಿಯಾಗಿದ್ರೆ ಇನ್ನೊಂದು ಸ್ಟ್ರಾ ಅಗಲ.

"ಹುಣಸೆ ಮರದಲ್ಲಿ ದೊಡ್ಡ ಕಟ್ ಮಾರ್ಕ್ ಇದೆ, ಅಸಹ್ಯವಾಗಿ ಕಾಣತ್ತೆ. ಅದನ್ನ ಪೊಟರೆ ಮಾಡೋದು ಹೇಗೆ?"

ಇದನ್ನ ಕೇಳಿದ್ರೆ ನನಗೆ ಖುಷಿ. ನಮ್ಮಲ್ಲಿ ಸಿಗೋ ದಪ್ಪ ಹುಣಸೆ ಎಲ್ಲಾ ನೆಲದಲ್ಲಿ ಬೆಳೆಸಿ ಮೇಲೆ ಕಚಕ್ಕನೆ ಕತ್ತರಿಸಿ ಕುಂಡಕ್ಕೆ ಹಾಕಿದ್ದು, ಅದರ ತಲೆ ಮೇಲೆ ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಾಯ ಇದ್ದೇ ಇರತ್ತೆ, ಅದು ಪೂರ್ತಿ ಮುಚ್ಚೋಕೆ ಎಷ್ಟೋ ವರ್ಷ ಬೇಕು. ಮುಚ್ಚೋಕೆ ಕಾಯೋದಕ್ಕಿಂತ ಅದನ್ನೇ ಮರದ ಕಥೆ ಮಾಡಿ.

ಉಳಿ ಹಿಡಿಯೋ ಮೊದಲು ಒಂದು ಕೆಲಸ ಮಾಡಿ. ದೇವನಹಳ್ಳಿ ಹತ್ರ ನಲ್ಲೂರು ಹುಣಸೆ ತೋಪು ಇದೆ, 54 ಎಕರೆ, 2007ರಲ್ಲಿ ದೇಶದ ಮೊದಲನೇ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆಗಿದ್ದು ಇದೇ. ನೂರಾರು ವರ್ಷದ ಹುಣಸೆಗಳು. ಅವುಗಳ ಬುಡ ನೋಡಿ, ಒಂದೊಂದು ಕಾಂಡ ಒಳಗೆಲ್ಲ ಟೊಳ್ಳು, ಮನುಷ್ಯ ಒಳಗೆ ನಿಲ್ಲಬಹುದು, ಹೊರಗಿನ ಗೋಡೆ ಮಾತ್ರ ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ನಿಂತಿದೆ, ಮೇಲೆ ನೋಡಿದ್ರೆ ಹಸಿರು ಚಿಗುರು, ಗೊಂಚಲು ಕಾಯಿ. ಹುಣಸೆ ಮುಪ್ಪಾದ್ರೂ ಹುಳಿ ಮುಪ್ಪಾ ಅಂತಾರಲ್ಲ, ಕಣ್ಣಾರೆ ಕಾಣತ್ತೆ. ಪೊಟರೆಯ ಬಾಯಿ ಎಲ್ಲೂ ದುಂಡಗಿಲ್ಲ, ಮೇಲೆ ಸಣ್ಣ, ಕೆಳಗೆ ಅಗಲ, ಅಂಚಿನ ತೊಗಟೆ ತುಟಿ ತರ ಒಳಕ್ಕೆ ಮಡಚಿಕೊಂಡಿದೆ. ಬಿಳಿ ಬಣ್ಣ ಎಲ್ಲೂ ಇಲ್ಲ, ಬೂದು, ಕಂದು, ಒಳಗೆ ಹೋದ ಹಾಗೆ ಕಪ್ಪು. ಮೊದಲ ಸಲ ಹೋದಾಗ ನಾನು ಮೂರು ಗಂಟೆ ಕಾಲ ಬರೀ ಪೊಟರೆಗಳ ಫೋಟೋ ತೆಗೆದೆ.

ಈಗ ನಿಮ್ಮ ಗಿಡ. ಗಾಯದ ಮೇಲೆ, ಅಂಚಿನಿಂದ ಕಾಲು ಇಂಚು ಒಳಗೆ, ವಕ್ರ ವಕ್ರ ಗೆರೆ ಹಾಕ್ಕೊಳ್ಳಿ, ಆ ಗೆರೆ ದಾಟಬೇಡಿ. ಮಧ್ಯದಲ್ಲಿ ಡ್ರಿಲ್‌ನಿಂದ ಬೇರೆ ಬೇರೆ ಆಳಕ್ಕೆ ನಾಲ್ಕೈದು ತೂತು ಕೊರೆದು, ಅವುಗಳ ನಡುವಿನ ಗೋಡೆನ ಉಳಿಯಲ್ಲಿ ಒಡೀರಿ. ಹೊರಗಿನ ಬಿಳಿಹಳದಿ ಭಾಗ ಬೇಗ ಬರತ್ತೆ, ಅದನ್ನೇ ಹುಳ, ಬೂಷ್ಟು ಮೊದಲು ಹಿಡಿಯೋದು, ಹಾಗಾಗಿ ಸತ್ತ ಕಡೆ ಇರೋ ಬಿಳಿ ಭಾಗ ಆದಷ್ಟೂ ತೆಗೀರಿ. ಹಳೇ ಗಿಡ ಆದ್ರೆ ಒಳಗೆ ಗಾಢ ನೇರಳೆಕಂದು ಕೆಚ್ಚು ಸಿಗತ್ತೆ. ಉಳಿಯ ಸದ್ದೇ ಬದಲಾಗತ್ತೆ, ಟಪ್ ಟಪ್ ಅಂತಿದ್ದದ್ದು ಟಣ್ ಅನ್ನತ್ತೆ, ಅಲ್ಲಿ ನಿಲ್ಲಿಸಿ. ಆ ಕೆಚ್ಚೇ ಮುಂದೆ ಪೊಟರೆ ಉಳಿಸೋದು. ಮುಂದುಗಡೆ ಒಂದು ಕಡೆ ಗೋಡೆನ ಸ್ವಲ್ಪ ಕೆಳಕ್ಕೆ ಸೀಳಿ ಬಿಟ್ರೆ ಮೇಲಿಂದ ಕೊಡಲಿ ಪೆಟ್ಟು ಬಿದ್ದ ಹಾಗೆ ಕಾಣೋದು ಹೋಗಿ ಕೊಂಬೆ ಮುರಿದು ಕಾಲ ಕಳೆದ ಹಾಗೆ ಕಾಣತ್ತೆ.

ನೀರು ನಿಲ್ಲೋ ಹಾಗೆ ಬಟ್ಟಲು ಮಾಡಬೇಡಿ. ತಳದಿಂದ ಹಿಂಬದಿಗೆ ಇಳಿಜಾರಾಗಿ ಒಂದು ಸಣ್ಣ ತೂತು ಕೊರೆದು ನೀರು ಹೊರಗೆ ಹೋಗೋ ದಾರಿ ಮಾಡಿ, ಒಂದು ಲೋಟ ನೀರು ಸುರಿದು ಪೂರ್ತಿ ಹೋಗತ್ತಾ ಅಂತ ನೋಡಿ. ಹಸಿ ತೊಗಟೆಯ ಅಂಚಿಗೆ ಗಿಡದ ಗಾಯಕ್ಕೆ ಹಚ್ಚೋ ಕಟ್ ಪೇಸ್ಟ್ ಇಲ್ಲಾ ವ್ಯಾಸಲಿನ್ ಸಾಕು.

"ಲೈಮ್ ಸಲ್ಫರ್ ಕೇಳಿದ್ರೆ ಗೊಬ್ಬರದಂಗಡೀಲಿ ಗಂಧಕದ ಪುಡಿ ಕೊಟ್ರು, ಅದೇನಾ ಇದು?"

ಅದಲ್ಲ. ಅವರು ಕೊಟ್ಟಿದ್ದು ನೀರಲ್ಲಿ ಕಲಸಿ ಎಲೆಗೆ ಹೊಡೆಯೋ ಸಲ್ಫರ್, ಬೂದಿರೋಗಕ್ಕೆ. ಡೆಡ್‌ವುಡ್ ಕೊಳೆಯದ ಹಾಗೆ, ಬೆಳ್ಳಗಾಗೋ ಹಾಗೆ ನಾವು ಹಚ್ಚೋ ಲೈಮ್ ಸಲ್ಫರ್ ಅಂದ್ರೆ ಸುಣ್ಣ ಗಂಧಕ ಎರಡನ್ನೂ ನೀರಲ್ಲಿ ಕುದಿಸಿ ಬರೋ ಕಿತ್ತಳೆಕೆಂಪು ದ್ರಾವಣ, ಕೊಳೆತ ಮೊಟ್ಟೆ ವಾಸನೆ. ಹಣ್ಣಿನ ತೋಟದವರಿಗೆ ಗೊತ್ತಿರತ್ತೆ, ಬೋನ್ಸಾಯ್ ಸಾಮಾನು ಮಾರೋರ ಹತ್ರ ಸಣ್ಣ ಬಾಟಲಲ್ಲಿ ಸಿಗತ್ತೆ. ಮನೇಲಿ ಕುದಿಸೋ ಸಾಹಸ ಬೇಡ, ಅದರ ಹೊಗೆ ಒಳ್ಳೇದಲ್ಲ.

ಹಚ್ಚೋ ರೀತಿ ಹೇಳ್ತೀನಿ. ಕಟ್ಟಿಗೆ ಪೂರ್ತಿ ಒಣಗಿರಬೇಕು, ಕೆತ್ತಿ ಒಂದು ತಿಂಗಳಾದ್ರೂ ಆಗಿರ್ಲಿ. ಕುಂಡದ ಮಣ್ಣಿಗೆ ಪ್ಲಾಸ್ಟಿಕ್ ಮುಚ್ಚಿ. ಬಿಸಿಲಿರೋ ದಿನ ಬೆಳಿಗ್ಗೆ ಡೆಡ್‌ವುಡ್ ಮೇಲೆ ಸ್ವಲ್ಪ ನೀರು ಸ್ಪ್ರೇ ಮಾಡಿದ್ರೆ ದ್ರಾವಣ ಒಳಗೆ ಹೀರತ್ತೆ. ಒಂದು ಪಾಲು ಲೈಮ್ ಸಲ್ಫರ್‌ಗೆ ಒಂದು ಪಾಲು ನೀರು, ಸಣ್ಣ ಬ್ರಷ್‌ನಲ್ಲಿ ಸತ್ತ ಕಟ್ಟಿಗೆಗೆ ಮಾತ್ರ, ಎಲೆಗೆ ಜೀವಂತ ತೊಗಟೆಗೆ ತಾಗದ ಹಾಗೆ. ಹಚ್ಚಿದಾಗ ಅರಿಶಿನದ ನೀರು ತರ ಇರತ್ತೆ, ಮಧ್ಯಾಹ್ನದ ಹೊತ್ತಿಗೆ ಬೆಳ್ಳಗಾಗತ್ತೆ, ವಾಸನೆ ಒಂದೆರಡು ದಿನಕ್ಕೆ ಹೋಗತ್ತೆ. ಗ್ಲೌಸ್, ಕನ್ನಡಕ ಹಾಕ್ಕೊಂಡು ಬಯಲಲ್ಲೇ ಮಾಡಿ. ವಿನೆಗರ್, ಆಸಿಡ್, ಟಾಯ್ಲೆಟ್ ಕ್ಲೀನರ್ ಇಂಥದ್ದರ ಜೊತೆ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಬರತ್ತೆ. ಬಾಟಲ್ ಮಕ್ಕಳ ಕೈಗೆ ಸಿಗೋ ಕಡೆ ಇಡಬೇಡಿ.

"ಹಚ್ಚಿದ ಮೇಲೆ ಸುಣ್ಣ ಹೊಡೆದ ಗೋಡೆ ತರ ಆಯ್ತು, ಬಣ್ಣ ಕಮ್ಮಿ ಮಾಡೋದು ಹೇಗೆ?"

ಕಾಯಿರಿ, ಎರಡು ಮೂರು ತಿಂಗಳ ಬಿಸಿಲು ಮಳೆಗೆ ತಾನೇ ಮಂಕಾಗತ್ತೆ. ಮುಂದಿನ ಸಲ ದ್ರಾವಣಕ್ಕೆ ಒಂದೆರಡು ಹನಿ ಕಪ್ಪು ಡ್ರಾಯಿಂಗ್ ಇಂಕ್ ಸೇರಿಸಿ, ಬೂದು ಬಣ್ಣ ಬರತ್ತೆ. ಪೊಟರೆ ಒಳಗೆ ಇಂಕ್ ಇನ್ನೂ ಸ್ವಲ್ಪ ಜಾಸ್ತಿ ಮಾಡಿ, ಒಳಗೆ ಕತ್ತಲೆ ಇದ್ದಷ್ಟೂ ಆಳ ಕಾಣತ್ತೆ. ಜುನಿಪರ್‌ಗೆ ಬಿಳಿ ಒಪ್ಪತ್ತೆ, ಅದು ಹಿಮ ಗಾಳಿ ತಿಂದ ಬೆಟ್ಟದ ಮರದ ಬಣ್ಣ. ಹುಣಸೆಗೆ ಸೀಬೆಗೆ ಅಷ್ಟು ಬಿಳಿ ನಾನು ಮಾಡಲ್ಲ.

## ಸ್ವಲ್ಪ ಕೈ ಪಳಗಿದವರಿಗೆ

"ಎರಡೇ ಮಳೆಗಾಲಕ್ಕೆ ಬುಡ ಮೆತ್ತಗಾಗಿದೆ, ಉಗುರಲ್ಲಿ ಕೆರೆದ್ರೆ ಪುಡಿ ಬರತ್ತೆ"

ಬುಡದಲ್ಲೇ ಮೊದಲು ಕೆಡೋದು, ಯಾಕಂದ್ರೆ ಒದ್ದೆ ಮಣ್ಣಿಗೆ ಯಾವಾಗಲೂ ತಾಗಿಕೊಂಡಿರತ್ತೆ. ಶರಿ ಮಾಡೋವಾಗಲೇ ಮಣ್ಣಿಂದ ಒಂದು ಇಂಚು ಮೇಲೆ ನಿಲ್ಲಿಸಿದ್ರೆ ಒಳ್ಳೇದು, ಈಗ ಆಗಿದೆ ಅಂದ್ರೆ ಬುಡದ ಸುತ್ತ ಪಾಚಿ, ಮಣ್ಣು ಸರಿಸಿ ಗಾಳಿ ಆಡೋಕೆ ಬಿಡಿ. ಮೆತ್ತಗಿರೋದನ್ನ ಗಟ್ಟಿ ಸಿಗೋ ತನಕ ಕೆರೆದು ತೆಗೀರಿ, ಆಸೆಗೆ ಬಿಟ್ರೆ ಪಕ್ಕಕ್ಕೂ ಹರಡತ್ತೆ. ಗಿಡನ ಮಳೆ ಬೀಳದ ಕಡೆ ಇಟ್ಟು ಹತ್ತು ದಿನ ಒಣಗಿಸಿ. ಆಮೇಲೆ ಮೊದಲು ಲೈಮ್ ಸಲ್ಫರ್, ಅದು ಒಣಗಿದ ಮೇಲೆ ವುಡ್ ಹಾರ್ಡನರ್, ಅಂದ್ರೆ ಕಟ್ಟಿಗೆ ಗಟ್ಟಿ ಮಾಡೋ ಔಷಧಿ. ಉಲ್ಟಾ ಮಾಡಿದ್ರೆ ಲೈಮ್ ಸಲ್ಫರ್ ಹೀರಲ್ಲ.

ಹಾರ್ಡನರ್‌ಗೆ ನಾನು ಉಪಯೋಗಿಸೋದು ಪ್ಯಾರಲಾಯ್ಡ್ ಬಿ-72, ಮ್ಯೂಸಿಯಂನವರು ಹಳೇ ವಸ್ತು ಕಾಪಾಡೋಕೆ ಬಳಸೋ ಪ್ಲಾಸ್ಟಿಕ್ ಹರಳು. ಅಸಿಟೋನ್‌ನಲ್ಲಿ ತೆಳ್ಳಗೆ ಕರಗಿಸಿ, 100 ಮಿ.ಲೀ.ಗೆ 5ರಿಂದ 10 ಗ್ರಾಂ, ಎರಡು ಮೂರು ಸಲ ಹೀರಿಸಿ. ದಪ್ಪ ಮಾಡಿದ್ರೆ ಮೇಲೆ ಹೊಳಪು ನಿಂತು ವಾರ್ನಿಷ್ ಹೊಡೆದ ಹಾಗೆ ಕಾಣತ್ತೆ. ಅಸಿಟೋನ್ ಬೆಂಕಿಗೆ ತಕ್ಷಣ ಹತ್ಕೊಳ್ಳತ್ತೆ, ಜಾಗ್ರತೆ. ಸಣ್ಣ ಜಾಗ ಆದ್ರೆ ಫೆವಿಕ್ವಿಕ್ ತೆಳುವಾಗಿ ಬಿಟ್ರೂ ನಡೆಯತ್ತೆ.

ಬೆಂಗಳೂರಿಗೆ ಮುಂಗಾರೂ ಬರತ್ತೆ, ಅಕ್ಟೋಬರಲ್ಲಿ ಹಿಂಗಾರೂ ಬರತ್ತೆ. ಹಾಗಾಗಿ ಮೇ ತಿಂಗಳಲ್ಲಿ ಒಂದ್ಸಲ, ಡಿಸೆಂಬರ್‌ನಲ್ಲಿ ಒಂದ್ಸಲ ಹಲ್ಲಿನ ಬ್ರಷ್‌ನಲ್ಲಿ ಹಸಿರು ಪಾಚಿ ಉಜ್ಜಿ ಲೈಮ್ ಸಲ್ಫರ್ ಹಚ್ಚೋದು ನನ್ನ ರೂಢಿ.

"ಗೆದ್ದಲು ಬಂದಿದೆ, ಸಾರ್!"

ಕುಂಡ ನೆಲದ ಮೇಲಿದ್ರೆ ಮೊದಲು ಸ್ಟ್ಯಾಂಡ್ ಮೇಲೆ ಎತ್ತಿಡಿ, ಮಣ್ಣಿನ ಗೂಡನ್ನ ಪೂರ್ತಿ ಕೆರೆದು ತೊಳೀರಿ. ಒಣಗಿದ ಗಟ್ಟಿ ಕೆಚ್ಚಿಗಿಂತ ಒದ್ದೆಯಾಗಿ ಮೆತ್ತಗಾದ ಕಟ್ಟಿಗೆನೇ ಅದಕ್ಕೆ ಸುಲಭದ ಊಟ, ಹಾಗಾಗಿ ಒಳಗೆ ಎಲ್ಲೋ ಕೊಳೆತಿದೆ ಅಂದ್ಕೊಂಡೇ ಹುಡುಕಿ.

"ಮೆಷಿನ್‌ನಲ್ಲಿ ಕೆತ್ತಿದ್ರೆ ನ್ಯಾಚುರಲ್ ಆಗಿ ಬರತ್ತಾ?"

ಬರತ್ತೆ, ಆದ್ರೆ ಮೆಷಿನ್ ಗುರುತು ಅಳಿಸೋ ತಾಳ್ಮೆ ಬೇಕು. ಜಪಾನಿನಲ್ಲಿ ಮಸಾಹಿಕೊ ಕಿಮುರಾ ಅಂತ ಒಬ್ಬ ಬೋನ್ಸಾಯ್ ಕಲಾವಿದರು, 1940ರಲ್ಲಿ ಓಮಿಯಾದಲ್ಲಿ ಹುಟ್ಟಿದವರು, ಮೆಷಿನ್ ಹಿಡಿದು ಡೆಡ್‌ವುಡ್ ಕೆತ್ತೋದನ್ನ ಜಗತ್ತಿಗೇ ತೋರಿಸಿದವರು. ಶುರುವಲ್ಲಿ ಎಷ್ಟೋ ಜನಕ್ಕೆ ಅದು ಸಂಪ್ರದಾಯ ಮುರಿದ ಹಾಗೆ ಅನ್ನಿಸ್ತು. ಅವರ ಮರಗಳ ಫೋಟೋ ನೋಡಿದ್ರೆ ಕಟ್ಟಿಗೆ ನೀರು ಹರಿದ ಹಾಗೆ ಕಾಣತ್ತೆ, ಎಲ್ಲೂ ಮೆಷಿನ್‌ನ ಬಿಟ್, ಅಂದ್ರೆ ಕೆತ್ತೋ ತುದಿ, ತಿರುಗಿದ ಗುರುತಿಲ್ಲ.

ನಮ್ಮಂಥವರ ಕೆಲಸಕ್ಕೆ ಸಣ್ಣ ರೋಟರಿ ಟೂಲ್ ಸಾಕು. ಬಿಟ್ ಮೇಲೆ ಬರೆದಿರೋ ಸ್ಪೀಡ್ ದಾಟಬೇಡಿ, ಕಣ್ಣಿಗೆ ಗಾಗಲ್ಸ್, ಮೂಗಿಗೆ ಮಾಸ್ಕ್, ಎರಡೂ ಕೈಯಲ್ಲಿ ಹಿಡೀಬೇಕು, ಸಡಿಲ ತೋಳಿನ ಶರ್ಟ್ ಬೇಡ. ಮೆಷಿನ್ನಲ್ಲಿ ಬರೀ ಒರಟು ಆಕಾರ ತೆಗೆದು, ಕೊನೆಯ ಪದರನ ಕೈಯಲ್ಲೇ ಇಕ್ಕಳದಲ್ಲಿ ನಾರು ನಾರಾಗಿ ಹರೀರಿ. ಆಮೇಲೆ ಸಣ್ಣ ಗ್ಯಾಸ್ ಟಾರ್ಚ್‌ನಲ್ಲಿ ಮೇಲೆ ಮೇಲೆ ಸುಟ್ಟು ಹಿತ್ತಾಳೆ ಬ್ರಷ್‌ನಲ್ಲಿ ಎಳೆ ಹೋದ ಕಡೆಗೇ ಉಜ್ಜಿ. ಮೆತ್ತಗಿನ ಎಳೆ ಬೇಗ ಸುಟ್ಟು ಹೋಗತ್ತೆ, ಗಟ್ಟಿ ಎಳೆ ಉಬ್ಬಿ ನಿಲ್ಲತ್ತೆ, ಇಪ್ಪತ್ತು ವರ್ಷದ ಬಿಸಿಲು ಮಾಡೋದೂ ಇದೇ ಕೆಲಸ. ಸುಡೋ ಮೊದಲು ಜೀವಂತ ತೊಗಟೆಗೆ ಒದ್ದೆ ಬಟ್ಟೆ ಸುತ್ತಿರಬೇಕು. ಹಾರ್ಡನರ್ ಹಾಕಿದ ಕಟ್ಟಿಗೆಗೆ ಟಾರ್ಚ್ ತೋರಿಸ್ಲೇಬೇಡಿ.

"ಶರಿಯ ಎರಡೂ ಕಡೆಯಿಂದ ತೊಗಟೆ ಬೆಳೆದು ಮುಚ್ಚಿಕೊಳ್ತಿದೆ, ಮತ್ತೆ ಕತ್ತರಿಸ್ಲಾ?"

ಆ ಉಬ್ಬು ಬರ್ತಿರೋದು ಗಿಡ ಆರೋಗ್ಯವಾಗಿದೆ ಅನ್ನೋದಕ್ಕೆ ಗುರುತು, ಅದೇ ಮುಂದೆ ಜೀವಂತ ಪಟ್ಟಿನ ದುಂಡಗೆ ತುಂಬಿಸಿ ಸತ್ತ ಬಿಳೀ ಕಟ್ಟಿಗೆ ಪಕ್ಕದಲ್ಲಿ ಎದ್ದು ಕಾಣೋ ಹಾಗೆ ಮಾಡೋದು. ಎರಡು ವರ್ಷ ಬಿಡಿ. ಪೂರ್ತಿ ಮುಚ್ಚೋ ಹಾಗಿದ್ರೆ ಮಾತ್ರ ಒಂದು ಕಡೆಯ ಅಂಚನ್ನ ಕೂದಲೆಳೆಯಷ್ಟು ಹಿಂದಕ್ಕೆ ತೆಗೀರಿ, ಇನ್ನೊಂದು ಕಡೆ ಮುಂದಿನ ವರ್ಷ.

"ಒಣಗಿದ ಬೊಡ್ಡೆಗೆ ಎಳೇ ಗಿಡ ಕಟ್ಟಿ ಹಳೇ ಮರ ಅಂತ ತೋರಿಸ್ತಾರಲ್ಲ, ಅದು ಮೋಸ ಅಲ್ವಾ?"

ಅದಕ್ಕೆ ತನುಕಿ ಅಂತಾರೆ. ಜಪಾನಿನ ಜನಪದ ಕಥೆಗಳಲ್ಲಿ ರೂಪ ಬದಲಾಯಿಸಿ ಜನರನ್ನ ಯಾಮಾರಿಸೋ ಒಂದು ಪ್ರಾಣಿ ಇದೆ, ಅದರ ಹೆಸರು. ಮಾರೋವಾಗ ಹೇಳದೇ ಮಾರಿದ್ರೆ ಖಂಡಿತ ಮೋಸ. ಹೇಳಿ ಮಾಡಿದ್ರೆ ಒಳ್ಳೇ ಕಲೆ, ಕಲಿಯೋಕಂತೂ ತುಂಬ ಒಳ್ಳೇ ದಾರಿ, ಯಾಕಂದ್ರೆ ಇಲ್ಲಿ ಕೆತ್ತನೆ ತಪ್ಪಾದ್ರೂ ಜೀವ ಹೋಗಲ್ಲ. ಚಿಕ್ಕಮಗಳೂರು, ಕೊಡಗು ಕಡೆ ತೋಟದಲ್ಲಿ ಕಿತ್ತು ಹಾಕಿದ ಹಳೇ ಕಾಫಿ ಬೊಡ್ಡೆ ಸಿಗತ್ತೆ, ಗಂಟುಗಂಟಾಗಿ ತಿರುಚಿಕೊಂಡು ಗಟ್ಟಿ ಇರತ್ತೆ. ಅದರ ಉದ್ದಕ್ಕೂ ಎಳೇ ಗಿಡದ ಕಾಂಡ ಬಿಗಿಯಾಗಿ ಕೂರೋ ಹಾಗೆ ಕಾಲುವೆ ಕೊರೆದು, ಒಳಗಡೆ ಸ್ವಲ್ಪ ಅಗಲ ಬಾಯಲ್ಲಿ ಸಣ್ಣ ಇರೋ ಹಾಗೆ ಮಾಡಿ, ಜುನಿಪರ್ ಸಸಿ ಕೂರಿಸಿ ಬಟ್ಟೆ ಪಟ್ಟಿಯಲ್ಲಿ ಕಟ್ಟಿ. ಸಸಿ ದಪ್ಪ ಆಗ್ತಾ ಕಾಲುವೆ ತುಂಬಿ ತಾನೇ ಬಿಗಿಯತ್ತೆ, ಐದಾರು ವರ್ಷ ಬೇಕು. ಮಣ್ಣಿಗೆ ತಾಗೋ ಭಾಗಕ್ಕೆ ಮೊದಲೇ ಹಾರ್ಡನರ್ ಕೊಡಿ.

"ಎಲ್ಲಿ ನಿಲ್ಲಿಸ್ಬೇಕು ಅಂತ ನಿಮಗೆ ಹೇಗೆ ಗೊತ್ತಾಗತ್ತೆ?"

ನಾನು ಒಂದು ಸಲಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಕೆತ್ತಲ್ಲ. ಆಮೇಲೆ ಉಳಿ ಒಳಗಿಟ್ಟು ಗಿಡನ ಅದರ ಜಾಗಕ್ಕೇ ಇಟ್ಟು ವಾರ ಬಿಟ್ಟು ನೋಡ್ತೀನಿ. ನೋಡೋವಾಗ ಒಂದೇ ಪ್ರಶ್ನೆ ಕೇಳ್ಕೋತೀನಿ, ಇದು ಏನಾಗಿ ಸತ್ತಿದ್ದು? ಸಿಡಿಲು ಬಿದ್ದು ತುದಿ ಹೋಯ್ತಾ, ಮೇವಿಗೆ ಅಂತ ಕೊಂಬೆ ಕಡಿದ್ರಾ, ಮೇಲಿನ ನೆರಳಿಗೆ ಕೆಳಗಿನ ಕೊಂಬೆ ಒಣಗ್ತಾ? ಉತ್ತರ ಸಿಗದೇ ಇರೋ ಡೆಡ್‌ವುಡ್ ಕಂಡ್ರೆ ಅದನ್ನ ಮೊಟಕು ಮಾಡ್ತೀನಿ ಇಲ್ಲಾ ತೆಗೀತೀನಿ. ಒಂದು ಮರದಲ್ಲಿ ಹತ್ತು ಜಿನ್ ಇದ್ರೆ ಕಣ್ಣು ಎಲ್ಲೂ ನಿಲ್ಲಲ್ಲ, ಎರಡೋ ಮೂರೋ ಇದ್ದು ಬೇರೆ ಬೇರೆ ಉದ್ದ ಇದ್ರೆ ನಿಲ್ಲತ್ತೆ.

ನನ್ನ ಹತ್ರ ಒಂದು ಹುಣಸೆ ಇದೆ, ನಾಲ್ಕು ವರ್ಷದ ಹಿಂದೆ ಪೊಟರೆ ತೆಗೆದದ್ದು. ಎಡಗಡೆ ಇನ್ನೂ ಸ್ವಲ್ಪ ಸೀಳಬೇಕು ಅಂತ ಆವಾಗಲೇ ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದೆ, ವಾರ ಬಿಟ್ಟು ನೋಡೋಣ ಅಂತ ಇಟ್ಟೆ. ಗುರುತು ಮಳೆಗೆ ತೊಳೆದು ಹೋಯ್ತು. ಈಗ ಅಂಚಿನ ತೊಗಟೆ ಒಳಕ್ಕೆ ಮಡಚಿಕೊಂಡಿದೆ, ನಲ್ಲೂರಿನ ಮರಗಳಲ್ಲಿ ಇರೋ ಹಾಗೇ ತುಟಿ ಬಂದಿದೆ, ಹೋದ ವರ್ಷದಿಂದ ಒಳಗೊಂದು ಜೇಡ ಬಲೆ ಕಟ್ಟಿಕೊಂಡಿದೆ. ನೀರು ಹಾಕೋವಾಗ ಅದಕ್ಕೆ ತಾಗದ ಹಾಗೆ ಪೈಪ್ ಹಿಡೀತೀನಿ.